ದೊಡವಾಡದ ದೋಣಿ, ಮಲಪ್ರಭೆಯ ಹರಿಗೋಲು

ಬೈಲಹೊಂಗಲ ತಾಲೂಕಿನ ದೊಡವಾಡವು ಹೆಸರಿಗೆ ತಕ್ಕಂತೆ ದೊಡ್ಡ ಊರು. ಸುತ್ತಲೂ ಎರೆಯ ಹೊಲಗಳು. ಮುಂಗಾರಿಗೆ ಹೆಸರು, ಸೋಯಾ, ಹತ್ತಿ. ಹಿಂಗಾರಿಗೆ ಬಿಳಿಜೋಳ, ಕಡಲೆ. ಮಳೆಗಾಲದಲ್ಲಿ ಕಾಲಿಗೆ ಮೆತ್ತುವ ಮಣ್ಣು, ಬೇಸಿಗೆಯಲ್ಲಿ ಬಾಯಿ ಬಿಡುವ ಮಣ್ಣು. ಇಲ್ಲಿಯ ಮನೆಗಳಲ್ಲಿ ನೇಗಿಲು, ಕುಂಟೆ, ಕೂರಿಗೆ, ಚಕ್ಕಡಿಗಳ ಮಾತು ಕೇಳಿಬರುವುದು ಸಹಜ. ಇಂಥ ಊರಿನ ಹೆಸರನ್ನು ದೋಣಿಯ ಹೆಸರಿನೊಡನೆ ಕೂಡಿಸಿ ಬರೆಯುವ ಪ್ರಸಂಗ ಬಂದೀತೆಂದು ನಾನು ಎಣಿಸಿರಲಿಲ್ಲ.

ಆದರೆ ಮಲಪ್ರಭೆ ಇಲ್ಲಿಗೆ ದೂರದವಳೇನೂ ಅಲ್ಲ. ಖಾನಾಪುರ ತಾಲೂಕಿನ ಕಣಕುಂಬಿಯ ಕಾಡಿನಲ್ಲಿ ಹುಟ್ಟಿ, ಸುಮಾರು 304 ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ಹೊಳೆಯ ದಂಡೆಯೆಂದರೆ ನಮ್ಮ ಪಾಲಿಗೆ ಅರ್ಧ ಇತಿಹಾಸವೇ ಸರಿ. ಎಂ.ಕೆ. ಹುಬ್ಬಳ್ಳಿಯ ಬಳಿ ಹೊಳೆಯ ಪಾತ್ರದಲ್ಲಿಯೇ ಗಂಗಾಂಬಿಕೆಯ ಐಕ್ಯಮಂಟಪವಿದೆ. ಕಲ್ಯಾಣದಿಂದ ಉಳವಿಯತ್ತ ನಡೆದ ಶರಣರ ನೆನಪನ್ನು ಕಾದರವಳ್ಳಿಯ ಜನ ಇಂದಿಗೂ ಹೇಳುತ್ತಾರೆ. ಮುಂದೆ ರಾಯಣ್ಣನ ಸಂಗೊಳ್ಳಿ, ಆಮೇಲೆ ನವಿಲುತೀರ್ಥದ ಅಣೆಕಟ್ಟು, ರಾಮದುರ್ಗ, ಪಟ್ಟದಕಲ್ಲು, ಐಹೊಳೆ. ಯಾತ್ರಿಕರು ಈ ಸ್ಥಳಗಳನ್ನೆಲ್ಲ ರಸ್ತೆಯ ಮೇಲಿನ ಊರುಗಳೆಂದು ನೋಡಿ ಬರುತ್ತಾರೆ. ಒಂದು ಕಾಲಕ್ಕೆ ಅವು ಹೊಳೆಯ ಈಚೆ ದಂಡೆ ಮತ್ತು ಆಚೆ ದಂಡೆಯ ಊರುಗಳಾಗಿದ್ದವು. ಸೇತುವೆಗಳು ಬಂದ ಮೇಲೆ 'ಆಚೆ ದಂಡೆ' ಎಂಬ ಮಾತಿನ ತೂಕ ಇಳಿಯಿತು.

ಮಳೆಗಾಲದ ಮಲಪ್ರಭೆಯನ್ನು ಸೇತುವೆಯಿಲ್ಲದೆ ದಾಟುವುದು ಎಂಥ ಕಾರ್ಯವಾಗಿತ್ತೆಂಬುದಕ್ಕೆ ದೊಡ್ಡ ದಂಡಿನ ಸಾಕ್ಷಿಯೇ ಇದೆ. 1800ರಲ್ಲಿ ಧೋಂಡಿಯಾ ವಾಘನ ಬೆನ್ನು ಹತ್ತಿ ಬಂದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್, ಜುಲೈ 30ರಂದು ಮುನವಳ್ಳಿಯ ಎದುರು ದಂಡೆಯಲ್ಲಿದ್ದ ಅವನ ಪಾಳೆಯದ ಮೇಲೆ ಬಿದ್ದ. ತುಂಬಿ ಹರಿಯುವ ಹೊಳೆಯಲ್ಲಿ ಸಾವಿರಾರು ಜನ ಕೊಚ್ಚಿಹೋದರು. ಧೋಂಡಿಯಾನೇನೋ ತಪ್ಪಿಸಿಕೊಂಡ, ಅವನನ್ನು ಹಿಂಬಾಲಿಸಬೇಕೆಂದರೆ ಇಂಗ್ಲಿಷರ ದಂಡಿಗೆ ಹೊಳೆಯೇ ಅಡ್ಡವಾಯಿತು. ತೋಪುಗಳಿದ್ದವು, ಕುದುರೆಗಳಿದ್ದವು, ದೋಣಿಗಳಿರಲಿಲ್ಲ. ಆಗಸ್ಟ್ ತಿಂಗಳಲ್ಲಿ ಕಿತ್ತೂರಿನಲ್ಲಿ ಬೀಡುಬಿಟ್ಟು ದೋಣಿಗಳನ್ನು ಮಾಡಿಸಬೇಕಾಯಿತು. ನಾಡಿನ ನದಿಗಳು ಕಲಿಸಿದ ಪಾಠವನ್ನು ಅವನು ಮರೆಯಲಿಲ್ಲವೆಂದು ತೋರುತ್ತದೆ. 1803ರ ಮರಾಠಾ ಯುದ್ಧದ ಹೊತ್ತಿಗೆ ದಂಡಿಗಾಗಿ ಬುಟ್ಟಿದೋಣಿಗಳನ್ನು ಮಾಡಿಸಿಡಲು, ಸುಮಾರು ಹತ್ತು ಅಡಿ ಅಗಲ, ಎರಡು ಪದರ ತೊಗಲು ಎಂದು ಅಳತೆಯೊಡನೆ ಬರೆದು ಕಳಿಸಿದ.

ಆ ಬುಟ್ಟಿದೋಣಿಯೇ ನಮ್ಮ ಹರಿಗೋಲು. ಅದಕ್ಕೂ ಮುನ್ನೂರು ವರುಷ ಹಿಂದೆ, ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನು ಕಂಡು ಬೆರಗಾಗಿದ್ದ. ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದಿಪ್ಪತ್ತು ಜನರನ್ನು ಒಯ್ಯುತ್ತದೆ, ಬೇಕಾದರೆ ಎತ್ತು ಕುದುರೆಗಳನ್ನೂ ದಾಟಿಸುತ್ತದೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುತ್ತದೆ ಎಂದು ಬರೆದಿಟ್ಟಿದ್ದಾನೆ. ಬಾಗ್ದಾದಿನ ಟೈಗ್ರಿಸ್ ನದಿಯಲ್ಲಿ ಇಂಥದೇ ದುಂಡು ದೋಣಿಗೆ ಕಲ್ಲರಗನ್ನು ಬಳಿಯುತ್ತಿದ್ದರು. ಇಂಗ್ಲೆಂಡಿನ ಪಕ್ಕದ ವೇಲ್ಸ್ ಸೀಮೆಯಲ್ಲಿ ಬೆಸ್ತರು ಇಂಥದನ್ನು ಬೆನ್ನ ಮೇಲೆ ಹೊತ್ತು ಮನೆಗೆ ನಡೆಯುತ್ತಿದ್ದರು. ಒಬ್ಬರನ್ನೊಬ್ಬರು ನೋಡದ ಜನ ಒಂದೇ ವಸ್ತುವನ್ನು ಕಂಡುಕೊಂಡರೆಂದರೆ ಆ ವಸ್ತುವಿನಲ್ಲಿ ಏನೋ ಸತ್ತ್ವವಿದೆಯೆಂದೇ ಅರ್ಥ.

ಕಳೆದ ಶ್ರಾವಣದಲ್ಲಿ ಪ್ರವಚನದ ನಿಮಿತ್ತ ಕೆಲವು ದಿನ ದೊಡವಾಡದಲ್ಲಿ ಇರುವ ಯೋಗ ಒದಗಿತು. ಆಗ ಒಂದು ಮಧ್ಯಾಹ್ನ ಪ್ರಸಾದಕ್ಕೆ ಕರೆದ ಭಕ್ತರ ಮನೆಯಲ್ಲಿ ನಡೆದ ಸಂಗತಿ ಈ ಬರಹಕ್ಕೆ ಕಾರಣ. ಪ್ರಸಾದವಾದ ಮೇಲೆ ಮನೆಯ ಹಿರಿಯರು ನನ್ನನ್ನು ಬದಿಗೆ ಕರೆದು, "ಗುರುಗಳ, ನಮ್ಮ ಮೊಮ್ಮಗಗ ಒಂದೀಟು ಬುದ್ಧಿ ಹೇಳ್ರಿ" ಎಂದರು. ಹುಡುಗ ಎಂಜಿನಿಯರಿಂಗ್ ಓದಿದವನು. ಬೆಳಗಾವಿಯಲ್ಲಿ ಕೆಲಸವಿದೆ. ದುಶ್ಚಟವೇನೂ ಇಲ್ಲ. ಹಾಗಾದರೆ ದೂರೇನು? ಶನಿವಾರ ಬಂದನೆಂದರೆ ದನದ ಕೊಟ್ಟಿಗೆಯಲ್ಲಿ ಕುಳಿತು ದೋಣಿ ಮಾಡುತ್ತಾನೆ! ಎತ್ತುಗಳನ್ನು ಮಾರಿ ಟ್ರ್ಯಾಕ್ಟರು ತಂದ ಮೇಲೆ ಕೊಟ್ಟಿಗೆ ಬರಿದಾಗಿತ್ತು, ಅದೇನೋ ಸರಿ. ಹಿರಿಯರನ್ನು ಕಾಡಿದ್ದು ಜಾಗದ ಪ್ರಶ್ನೆಯಲ್ಲ. "ಒಕ್ಕಲುತನದ ಮನಿತನ ನಮ್ದು. ಅಂಬಿಗರ ಕೆಲಸ ನಮಗ್ಯಾಕ್ರಿ? ಮಂದಿ ಏನಂದಾರು? ಇವಗ ಕನ್ಯಾ ಕೊಡಬೇಕಲ್ರೀ" ಎಂಬುದು ಅವರ ಸಂಕಟ.

ಕೊಟ್ಟಿಗೆಗೆ ಹೋಗಿ ನೋಡಿದೆ. ಉದ್ದನೆಯ ಒಂದು ತೊಲೆ. ಅದರ ಮೇಲೆ ಅಡಿಗೊಂದರಂತೆ ಹಲಗೆಯ ಅಚ್ಚುಗಳು. ಅಚ್ಚುಗಳ ಮೇಲೆ ಬೆರಳಗಲದ ಕಟ್ಟಿಗೆಯ ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡು, ಹದಿನೇಳು ಅಡಿ ಉದ್ದಕ್ಕೆ, ದೊಡ್ಡ ಮೀನೊಂದು ಬೋರಲು ಮಲಗಿದಂತೆ ಕಾಣುತ್ತಿತ್ತು. ಅಗಲ ಎರಡಡಿಗೂ ಕಡಿಮೆ. ಇದಕ್ಕೆ ಕಯಾಕ್ ಎನ್ನುತ್ತಾರೆಂದು ಹುಡುಗ ಹೇಳಿದ. ಕಯಾಕೋ ಕಾಯಕವೋ ಎಂದು ನಾನು ನಕ್ಕೆ. ಅವನೂ ನಕ್ಕ, ಅಜ್ಜ ಮಾತ್ರ ನಗಲಿಲ್ಲ.

ಕಯಾಕ್ ಎಂಬುದು ಉತ್ತರಧ್ರುವದ ಬಳಿ ವಾಸಿಸುವ ಇನೂಯಿಟ್ ಜನರ ಬೇಟೆಯ ದೋಣಿ. ಮರವೇ ಬೆಳೆಯದ ಆ ಹಿಮದ ನಾಡಿನಲ್ಲಿ ಸಮುದ್ರ ತೇಲಿಸಿ ತಂದ ಕಟ್ಟಿಗೆಯ ತುಂಡುಗಳಿಂದ ಹಂದರ ಕಟ್ಟಿ, ಸೀಲ್ ಎಂಬ ಕಡಲಪ್ರಾಣಿಯ ತೊಗಲನ್ನು ಹೊದಿಸುತ್ತಿದ್ದರು. ಒಬ್ಬನೇ ಕೂಡ್ರುವ ದೋಣಿ, ಮೇಲ್ಭಾಗವೂ ಮುಚ್ಚಿರುತ್ತದೆ, ಎರಡೂ ತುದಿಗೆ ಅಲಗುಳ್ಳ ಹುಟ್ಟಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರನ್ನು ಎಳೆಯಬೇಕು. ಕಟ್ಟಿಗೆಯ ಪಟ್ಟಿಗಳನ್ನು ಜೋಡಿಸಿ ದೋಣಿ ಮಾಡುವ ವಿಧಾನವು ಹತ್ತೊಂಬತ್ತನೆಯ ಶತಮಾನದಲ್ಲಿ ಕೆನಡಾ, ಅಮೆರಿಕ ದೇಶಗಳಲ್ಲಿ ಬೆಳೆಯಿತು. ಗಾಜಿನ ನೂಲಿನ ಬಟ್ಟೆ ಮತ್ತು ಎಪಾಕ್ಸಿ ಅಂಟು ದೊರೆಯತೊಡಗಿದ ಮೇಲೆ ಮನೆಯ ಶೆಡ್ಡಿನಲ್ಲಿ ಒಬ್ಬನೇ ಕುಳಿತು ಇಂಥದನ್ನು ಮಾಡುವುದು ಅಲ್ಲಿಯ ಜನರಿಗೆ ಸಾಧ್ಯವಾಯಿತು.

ಕೆಲಸದ ಕ್ರಮ ಕೇಳಲು ಸುಲಭ, ಮಾಡಲು ಕಠಿಣ. ಪಟ್ಟಿಯ ದಪ್ಪ ಆರು ಮಿಲಿಮೀಟರು, ಅಗಲ ಹೆಚ್ಚೆಂದರೆ ಇಪ್ಪತ್ತು. ಒಂದು ಅಂಚನ್ನು ಉಬ್ಬಾಗಿಯೂ ಇನ್ನೊಂದನ್ನು ತಗ್ಗಾಗಿಯೂ ಕೊರೆದರೆ ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕೂಡ್ರುತ್ತದೆ. ದೋಣಿಯ ಮೈ ಬಾಗಿದಲ್ಲಿಯೂ ಸಂದು ಬಾಯಿ ಬಿಡುವುದಿಲ್ಲ. ವಿದೇಶದಲ್ಲಿ ಇದಕ್ಕೆ ಸೀಡರ್ ಮರವನ್ನು ಬಳಸುತ್ತಾರೆ; ನಮ್ಮ ತೇಗದ ಅರ್ಧಕ್ಕಿಂತ ತುಸು ಹೆಚ್ಚು ತೂಗುವ ಹಗುರ ಕಟ್ಟಿಗೆ ಅದು. ಅದು ಸಿಗದೆ ಈ ಹುಡುಗ ಪೆಟ್ಟಿಗೆ ಮಾಡಲು ಬರುವ ಪೈನ್ ಹಲಗೆಗಳನ್ನು ಆರಿಸಿ, ಗಂಟು ಬಂದಲ್ಲೆಲ್ಲ ಕತ್ತರಿಸಿ ತೆಗೆದು, ತುಂಡುಗಳನ್ನು ಓರೆಯಾಗಿ ಕೊಯ್ದು ಬೆಸೆದಿದ್ದ. ಓರೆಯ ಉದ್ದ ದಪ್ಪದ ಎಂಟು ಪಟ್ಟು ಇರಬೇಕಂತೆ, ಇಲ್ಲದಿದ್ದರೆ ಬಾಗಿಸುವಾಗ ಬೆಸುಗೆ ಬಿಡುತ್ತದೆ. ಇಷ್ಟಾದ ಮೇಲೆ ಹತರಿ ಹೊಡೆದು, ಉಜ್ಜುಕಾಗದದಿಂದ ನುಣುಪು ಮಾಡಿ, ಒಳಗೂ ಹೊರಗೂ ಗಾಜಿನ ಬಟ್ಟೆಯನ್ನು ಹಾಸಿ ಅಂಟು ಕುಡಿಸಬೇಕು. ಈ ಅಂಟನ್ನು ಬೆಳಿಗ್ಗೆ ಹಚ್ಚಲಾಗದು. ಹೊತ್ತೇರಿ ಕಟ್ಟಿಗೆ ಕಾದಂತೆ ಅದರ ರಂಧ್ರಗಳಲ್ಲಿಯ ಗಾಳಿ ಹಿಗ್ಗಿ ಹೊರಬಂದು ಗುಳ್ಳೆಗಳೇಳುತ್ತವೆ. ಬಿಸಿಲು ಇಳಿಯುವ ಹೊತ್ತಿಗೆ ಹಚ್ಚಿದರೆ ಕಟ್ಟಿಗೆ ತಣಿಯುತ್ತ ಅಂಟನ್ನು ತಾನಾಗಿ ಒಳಗೆಳೆದುಕೊಳ್ಳುತ್ತದೆ. ಗಂಟೆಗಳ ಲೆಕ್ಕ ಹಿಡಿದರೆ ಇದು ನೂರಾರು ಗಂಟೆಗಳ ದುಡಿಮೆ. ಪೂರ್ತಿಯಾದ ದೋಣಿ ತೂಗುವುದು ಇಪ್ಪತ್ತರಿಂದ ಇಪ್ಪತ್ತೈದು ಕಿಲೋ ಮಾತ್ರ.

"ಇದನ್ನೆಲ್ಲ ಯಾರು ಕಲಿಸಿದರು?" ಎಂದು ಕೇಳಿದೆ. ಪುಸ್ತಕ, ಕಂಪ್ಯೂಟರು ಎಂದ. ಆಮೇಲೆ ದನಿ ತಗ್ಗಿಸಿ, "ಹೊಳಿ ದಂಡ್ಯಾಗ ಒಬ್ರು ಅಜ್ಜಾರು ಅದಾರ್ರಿ ಗುರುಗಳ. ಅವರ ಕಡೆ ಭಾಳ ಕಲ್ತೀನಿ" ಎಂದ. ಮನೆಯವರಿಗೆ ಅಸಮಾಧಾನ ಎಲ್ಲಿಂದ ಬಂದಿತೆಂಬುದು ಆಗ ಅರ್ಥವಾಯಿತು. ಹುಡುಗ ಅಂಬಿಗರ ಮನೆಯ ಕಟ್ಟೆಯ ಮೇಲೆ ಕುಳಿತು ಅವರ ಕೈಯ ಚಹಾ ಕುಡಿದು ಬರುತ್ತಿದ್ದನು.

ಮರುದಿನ ಅವನ ಮೋಟಾರು ಸೈಕಲ್ಲಿನ ಹಿಂದೆ ಕುಳಿತು ನಾನೂ ಆ ಕಟ್ಟೆಗೆ ಹೋದೆ.

ಎಂಬತ್ತರ ಸಮೀಪದ ವೃದ್ಧರು. ಅಂಗಳದಲ್ಲಿ ಅರ್ಧ ಹೆಣೆದ ಹರಿಗೋಲು. ನಾನು ಹರಿಗೋಲಿನಲ್ಲಿ ಹಲವು ಸಲ ಕುಳಿತಿದ್ದೇನೆ; ಅದು ಹುಟ್ಟುವುದನ್ನು ನೋಡಿದ್ದು ಅದೇ ಮೊದಲು. ಬಿದಿರನ್ನು ಸೀಳಿ, ಒಳಗಿನ ಮೆತ್ತನೆಯ ಭಾಗವನ್ನು ಹೆರೆದು ತೆಗೆದು, ಉದ್ದನೆಯ ದಬ್ಬೆಗಳನ್ನು ನೆಲದ ಮೇಲೆ ಅಡ್ಡ, ಉದ್ದ, ಓರೆಯಾಗಿ ಹೆಣೆಯುತ್ತಾರೆ. ಹೆಣಿಗೆ ಅಲುಗದಂತೆ ನಡುವೆ ಕಲ್ಲು ಹೇರುತ್ತಾರೆ. ತಳ ಮುಗಿದ ಮೇಲೆ ಸುತ್ತಲೂ ಚಾಚಿರುವ ದಬ್ಬೆಗಳನ್ನು ಮೇಲಕ್ಕೆ ಬಗ್ಗಿಸಿ ಗೋಡೆಯನ್ನು ಹೆಣೆದು, ಬಾಯಿಗೆ ಬಿದಿರಿನ ದಪ್ಪ ಬಳೆಯನ್ನು ಬಿಗಿಯುತ್ತಾರೆ. ಅಚ್ಚು ಇಲ್ಲ, ನಕ್ಷೆಯಿಲ್ಲ. ಮೊಳ, ಗೇಣುಗಳೇ ಅಳತೆ. ಕಡಿದ ಬಿದಿರನ್ನು ಕೆಲವು ದಿನ ನೀರಿನಲ್ಲಿ ನೆನೆಹಾಕಬೇಕೆಂದು ಅಜ್ಜ ಹೇಳಿದರು. ಬಿದಿರಿನೊಳಗಿನ ಸಿಹಿ ತೊಳೆದುಹೋದರೆ ಹುಳು ಹತ್ತುವುದಿಲ್ಲವೆಂಬುದು ಅದರ ಮರ್ಮ. ಹಿಂದೆ ಎಮ್ಮೆಯ ತೊಗಲನ್ನು ಹೊಲಿದು ಹೊದಿಸುತ್ತಿದ್ದರು. ತೊಗಲಿನ ಹರಿಗೋಲನ್ನು ದಿನವೂ ದಂಡೆಗೆಳೆದು ಬೋರಲು ಹಾಕಿ ಒಣಗಿಸಬೇಕಿತ್ತು, ಇಲ್ಲವಾದರೆ ಕೊಳೆಯುತ್ತಿತ್ತು. ಈಗ ಗೊಬ್ಬರದ ಚೀಲ, ಪ್ಲಾಸ್ಟಿಕ್ ಹಾಳೆ, ಮೇಲೆ ಕಾಯಿಸಿದ ಡಾಂಬರು. ಡಾಂಬರನ್ನು ಮಾತ್ರ ನಡುಹಗಲ ಸುಡುಬಿಸಿಲಿನಲ್ಲಿಯೇ ಹಚ್ಚಬೇಕು, ಆಗಲೇ ಅದು ಹರಿದು ಸಂದುಗಳಲ್ಲಿ ಇಳಿಯುತ್ತದೆ. ಕೊಟ್ಟಿಗೆಯ ದೋಣಿಗೆ ಇಳಿಹೊತ್ತು, ಅಂಗಳದ ದೋಣಿಗೆ ನಡುಹಗಲು!

ಬಿದಿರೇ ದೊಡ್ಡ ತೊಡಕು ಎಂದರು ಅಜ್ಜ. ಮೊದಲು ಖಾನಾಪುರ, ಹಳಿಯಾಳಗಳ ಕಡೆಯಿಂದ ಬರುತ್ತಿದ್ದ ಬಿದಿರು ದುರ್ಲಭವಾಯಿತು. ದಾಂಡೇಲಿಯಲ್ಲಿ 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂದ ಮೇಲೆ ಕಾಡಿನ ಬಿದಿರಿಗೆ ದೊಡ್ಡ ಗಿರಾಕಿ ಸಿಕ್ಕಿತು. ಬಿದಿರು ಹುಲ್ಲಿನ ಜಾತಿಯದಾದರೂ ಕಾನೂನಿನ ಕಣ್ಣಿಗೆ ಮರವಾಗಿತ್ತು. 2017ರಲ್ಲಿ ಕಾಡಿನ ಹೊರಗೆ ಬೆಳೆದ ಬಿದಿರನ್ನು ಆ ಪಟ್ಟಿಯಿಂದ ತೆಗೆದರು. ಆ ವೇಳೆಗೆ ಹೆಣೆಯುವ ಕೈಗಳೇ ಕಡಿಮೆಯಾಗಿದ್ದವು. ಅಜ್ಜನ ಮಕ್ಕಳಲ್ಲಿ ಒಬ್ಬರು ಹುಬ್ಬಳ್ಳಿಯಲ್ಲಿ, ಇನ್ನೊಬ್ಬರು ಗೋವೆಯಲ್ಲಿ ದುಡಿಯುತ್ತಾರೆ. ಹಿಂದೆ ರಾಶಿಯ ಕಾಲಕ್ಕೆ ಎರಡೂ ದಂಡೆಯ ಊರುಗಳ ಕಣಗಳಿಂದ ಆಯದ ಜೋಳ ಬರುತ್ತಿತ್ತು. ಆಯ ನಿಂತಿತು. ಈಗ ಹರಿಗೋಲು ಬೇಕಾಗುವುದು ಮೀನು ಹಿಡಿಯುವವರಿಗೆ ಮಾತ್ರ, ಅವರೂ ಫೈಬರಿನದನ್ನು ಕೇಳತೊಡಗಿದ್ದಾರೆ.

"ಮತ್ತ ಯಾಕ ಹೆಣೀತೀರಿ ಯಜಮಾನರ?" ಎಂದೆ.

"2019ರ ನೆರಿ ನೋಡಿದಿರೇನ್ರಿ ಗುರುಗಳ? ಬ್ರಿಜ್ ಮ್ಯಾಲ ನೀರು. ಆವತ್ತ ಯಾರೂ ನಮ್ಮನ್ನ ಅಂಬಿಗರು ಅಂತ ಕೇಳಲಿಲ್ಲ, ಯಪ್ಪಾ ಬಾ ಅಂದ್ರು" ಎಂದು ನಕ್ಕರು.

ಆ ವರ್ಷದ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದುದನ್ನು ಮುನವಳ್ಳಿ, ರಾಮದುರ್ಗದ ಓದುಗರಿಗೆ ನಾನು ನೆನಪಿಸಬೇಕಾಗಿಲ್ಲ. ನವಿಲುತೀರ್ಥದ ಜಲಾಶಯದಲ್ಲಿ ಹಿಡಿಯುವ ನೀರು 37.73 ಟಿ.ಎಂ.ಸಿ. ಅದು ತುಂಬಿದ ಮೇಲೆ ಬಂದ ನೀರನ್ನೆಲ್ಲ ಕೆಳಗೆ ಬಿಡಲೇಬೇಕು. ಸೇತುವೆಯ ಮೇಲಿನ ಭರವಸೆಗೂ ಮಿತಿಯಿದೆ. 2009ರ ಜನವರಿಯಲ್ಲಿ ತುಂಗಭದ್ರೆಯ ಮೇಲೆ ಕಟ್ಟುತ್ತಿದ್ದ ಆನೆಗೊಂದಿಯ ಸೇತುವೆ ಕುಸಿದು ಬಿತ್ತು. ಅಲ್ಲಿಯ ಜನ ಮತ್ತೆ ವರುಷಗಟ್ಟಲೆ ಹರಿಗೋಲಿನಲ್ಲಿಯೇ ದಾಟಿದರು.

ಆ ಕಟ್ಟೆಯ ಮೇಲೆ ಕುಳಿತಾಗ ನನ್ನ ಮನಸ್ಸು ಹೋದುದು ರಾಣೆಬೆನ್ನೂರು ತಾಲೂಕಿನ ಚೌಡದಾನಪುರದತ್ತ. ತುಂಗಭದ್ರೆಯ ದಂಡೆಯ ಆ ಊರಿಗೂ ಅಂಬಿಗರ ಚೌಡಯ್ಯನವರ ಹೆಸರಿಗೂ ನಂಟಿದೆ. ಬಹುಪಾಲು ಶರಣರು ತಮ್ಮ ವಚನಗಳಿಗೆ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ, ಚೌಡಯ್ಯನವರು ತಮ್ಮ ವೃತ್ತಿಯನ್ನೂ ಹೆಸರನ್ನೂ ಸೇರಿಸಿ ಅದನ್ನೇ ಅಂಕಿತ ಮಾಡಿಕೊಂಡರು. ನಾಚಿಕೊಳ್ಳಬೇಕಾದ ಕೆಲಸವೆಂದು ಅವರಿಗೆ ತೋರಿದ್ದರೆ ಹಾಗೆ ಮಾಡುತ್ತಿದ್ದರೇ? ಇನ್ನೊಂದು ಮಾತು. ಹಳೆಯ ಹರಿಗೋಲನ್ನು ಬಿಡಿಸಿ ನೋಡಿದರೆ ಅದರಲ್ಲಿ ಬಿದಿರಿದೆ, ತೊಗಲಿದೆ, ಹುಟ್ಟು ಇದೆ. ಬಿದಿರಿನ ಕಾಯಕ ಮೇದಾರ ಕೇತಯ್ಯನವರದು, ತೊಗಲಿನದು ಹರಳಯ್ಯನವರದು, ಹುಟ್ಟು ಚೌಡಯ್ಯನವರದು. ಮೂವರೂ ಅನುಭವಮಂಟಪದವರೆಂದು ನಾವು ಬಸವಜಯಂತಿಯ ದಿನ ಹೇಳುತ್ತೇವೆ. ಅವರ ಭಾವಚಿತ್ರಗಳಿಗೆ ಹಾರ ಹಾಕುತ್ತೇವೆ. ಕನ್ಯೆಯ ಮಾತು ಬಂದಾಗ ಮಾತ್ರ 'ಅಂಬಿಗರ ಕೆಲಸ ನಮಗೇಕೆ' ಎನ್ನುತ್ತೇವೆ. ಆ ಹಿರಿಯರೊಬ್ಬರನ್ನೇ ನಾನು ಆಕ್ಷೇಪಿಸುತ್ತಿಲ್ಲ. ಇಂಥ ಮಾತು ಎಷ್ಟು ಮನೆಗಳಲ್ಲಿ ಕೇಳಿಬರುತ್ತದೆಂಬುದು ನನಗಿಂತ ಓದುಗರಿಗೇ ಚೆನ್ನಾಗಿ ಗೊತ್ತು.

ಹುಡುಗನಿಗೆ ಬುದ್ಧಿ ಹೇಳುವ ಕೆಲಸವನ್ನು ನಾನು ಮಾಡಲಿಲ್ಲ. ಅಜ್ಜನೊಡನೆ ಮಾತನಾಡಿದೆ. ಚಕ್ಕಡಿಯ ಗಾಲಿಯನ್ನು ಬಡಿಗನ ಮುಂದೆ ಕುಳಿತು ತಾವೇ ಕಟ್ಟಿಸಿದ ದಿನಗಳನ್ನು ಅವರಿಗೆ ನೆನಪಿಸಿದೆ. ಅವರು ಒಪ್ಪಿದರೆಂದು ಬರೆದರೆ ಸುಳ್ಳಾಗುತ್ತದೆ. "ನೋಡೂಣ್ರಿ" ಎಂದರು. ನಮ್ಮ ಸೀಮೆಯಲ್ಲಿ ಈ ಮಾತಿಗೆ ಹತ್ತು ಅರ್ಥಗಳಿವೆ. ಆದರೆ ನಾನು ಹೊರಡುವ ಹಿಂದಿನ ದಿನ ಅಂಬಿಗರ ಅಜ್ಜ ಕೊಟ್ಟಿಗೆ ನೋಡಲು ದೊಡವಾಡಕ್ಕೆ ಬಂದಾಗ, ಮನೆಯ ಹಿರಿಯರೇ ಎದ್ದು ಬಂದು ಪಡಸಾಲೆಯಲ್ಲಿ ಕಂಬಳಿ ಹಾಸಿಸಿದರು. ಚಹಾ ಒಳಗಿನಿಂದಲೇ, ಎಲ್ಲರ ಕಪ್ಪುಗಳಂಥ ಕಪ್ಪಿನಲ್ಲಿಯೇ ಬಂದಿತು. ಅಷ್ಟನ್ನು ನಾನು ಕಣ್ಣಾರೆ ಕಂಡೆ.

ಕೊಟ್ಟಿಗೆಯಲ್ಲಿ ಇಬ್ಬರ ಸಂವಾದ ಕೇಳುವಂತಿತ್ತು. ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ, ತಳದಲ್ಲಿ ಏಣೂ ಇಲ್ಲ. ಹಿಂದೆ ನಿಂತು ನೂಕಿದರೆ ಗಿರಕಿ ಹೊಡೆಯುತ್ತದೆ. ಆದ್ದರಿಂದ ಅಂಬಿಗ ಮುಂದುಗಡೆ ಕುಳಿತು, ಹುಟ್ಟನ್ನು ಮುಂದೆ ಚಾಚಿ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ಒಂದು ಗೇಣು ನೀರಿದ್ದರೂ ಅದು ತೇಲುತ್ತದೆ. ಬಂಡೆಗೆ ತಾಗಿದರೆ ಬಳುಕಿ ಜಾರುತ್ತದೆ. ಕಯಾಕು ಬಾಣದ ಹಾಗೆ ನೆಟ್ಟಗೆ ಓಡುತ್ತದೆ, ಆದರೆ ಸುಳಿಯಲ್ಲಿ ಅಡ್ಡ ತಿರುಗಿದರೆ ಮಗುಚುವ ಭಯವಿದೆ. ಎರಡನೆಯವನಿಗೆ ಜಾಗವೂ ಇಲ್ಲ. "ಒಬ್ಬಾಂವ ಕೂಡೂ ದೋಣಿ ಕಟ್ಟಿ ಯಾರನ್ನ ದಾಟಸ್ತಿ ತಮ್ಮಾ?" ಎಂದು ಅಜ್ಜ ಕೇಳಿದರು. ಹುಡುಗ, "ದಾಟಿಸಲಿಕ್ಕಲ್ರೀ ಅಜ್ಜಾ, ಹೊಳಿ ನೋಡ್ಲಿಕ್ಕ. ಸಂಗೊಳ್ಳಿಯಿಂದ ನವಿಲುತೀರ್ಥದ ಹಿನ್ನೀರಿನ ತನಕ ನೀರಿನ ಮ್ಯಾಲ ಹೋಗಿ ನೋಡಿದವರು ನಮ್ಮ ಓರಿಗ್ಯಾಗ ಯಾರೂ ಇಲ್ಲ" ಎಂದ. ಅಜ್ಜ ತಲೆಯಾಡಿಸಿ, ಯಾವ ಯಾವ ಊರಿನ ಮುಂದೆ ಬಂಡೆಗಳಿವೆ, ಎಲ್ಲಿ ಮಡುವಿದೆ, ಎಲ್ಲಿ ಮರಳು ತೆಗೆದು ಗುಂಡಿ ಬಿದ್ದಿವೆ ಎಂದು ಒಂದೊಂದಾಗಿ ಹೇಳತೊಡಗಿದರು. ಹುಡುಗ ಬರೆದುಕೊಂಡ. ಯಾವ ನಕ್ಷೆಯಲ್ಲಿಯೂ ಇಲ್ಲದ ಆ ಹೊಳೆಯ ಲೆಕ್ಕ ಎರಡು ಪುಟ ತುಂಬಿತು. ತೇಲುಕವಚ ತೊಡದೆ ನೀರಿಗಿಳಿಯುವುದಿಲ್ಲವೆಂದು ಅವನಿಂದ ಮನೆಯವರೆಲ್ಲರ ಎದುರಿಗೆ ಮಾತು ತೆಗೆದುಕೊಂಡವರೂ ಆ ಅಜ್ಜನೇ.

ಆಮೇಲೆ ದೋಣಿಯ ಮೈಯನ್ನು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಡಿದು ಕಿವಿಗೊಟ್ಟು ಕೇಳಿದರು. ಒಂದೆರಡು ಕಡೆ ಮತ್ತೆ ಬಡಿದರು. "ಚಲೋ ಐತಿ. ಹೊಳಿ ನಡುವ ತೂತ ಬಿದ್ರ ಏನ ಹಚ್ತಿ?" ಎಂದರು. ಹುಡುಗ ತನ್ನ ಅಂಟಿನ ಡಬ್ಬಿಗಳನ್ನು ತೋರಿಸಿದ: ಎರಡು ದ್ರವ, ತೂಗಿ ಬೆರೆಸಬೇಕು, ಗಟ್ಟಿಯಾಗಲು ಒಂದು ರಾತ್ರಿ ಬೇಕು. ಅಜ್ಜ ಏನೂ ಅನ್ನಲಿಲ್ಲ. ಧೋತರದ ಗಂಟಿನಿಂದ ನಿಂಬೆಹಣ್ಣಿನ ಗಾತ್ರದ ಡಾಂಬರಿನ ಉಂಡೆಯೊಂದನ್ನೂ ಮಡಿಚಿದ ಗೋಣಿಯ ತುಂಡನ್ನೂ ತೆಗೆದು, ದೋಣಿಯೊಳಗೆ ಕೂಡ್ರುವ ಜಾಗದ ಮುಂದೆ ಕೈಗೆ ಸಿಗುವಂತೆ ಇಟ್ಟರು.